ಉಣ್ಣುವವರೂ ಉಣಿಸುವವರೂ



ಊಟದ ವಿಷಯವಾಗಿ ನಮ್ಮ ಹಿರಿಯರು ಕಟ್ಟಿಟ್ಟ ಗಾದೆಗಳು ಹಲವು. ಅವುಗಳಲ್ಲಿ ಎರಡನ್ನು ಇಂದು ನಿಮ್ಮ ಮುಂದಿಟ್ಟು, ಅವುಗಳೊಡನೆ ತುಸು ವಾದ ಹೂಡಬೇಕೆಂದಿದ್ದೇನೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಮೊದಲನೆಯದು. ‘ಮಾಡಿದ್ದುಣ್ಣೋ ಮಹರಾಯ’ ಎಂಬುದು ಎರಡನೆಯದು. ಒಂದು ತಿಳಿವಳಿಕೆಯ ಮಾತು, ಇನ್ನೊಂದು ಹೊಣೆಗಾರಿಕೆಯ ಮಾತು. ಎರಡನ್ನೂ ಕೂಡಿಸಿ ನೋಡಿದರೆ ದೊರೆಯುವ ನೀತಿ ಇಷ್ಟು: ತನ್ನ ಊಟಕ್ಕೆ ತಾನೇ ಹೊಣೆ, ಅರಿತು ಉಂಡವನು ಸುಖಿ, ಅರಿಯದೆ ಉಂಡವನು ಅದರ ಫಲವನ್ನು ತಾನೇ ಅನುಭವಿಸತಕ್ಕದ್ದು. ಪ್ರಾಯಕ್ಕೆ ಬಂದ ಮನುಷ್ಯನ ಮಟ್ಟಿಗೆ ಈ ನೀತಿಯನ್ನು ಬಹುಮಟ್ಟಿಗೆ ಒಪ್ಪಬಹುದು. ಆದರೆ ಎಂಟು ವರ್ಷದ ಮಗುವೊಂದು ಅಳತೆ ಮೀರಿ ಮೈ ಬೆಳೆದು, ಶಾಲೆಯ ಮೆಟ್ಟಿಲು ಏರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರೆ, ಅದರ ಮುಂದೆ ನಿಂತು ‘ಮಾಡಿದ್ದುಣ್ಣೋ ಮಹರಾಯ’ ಎನ್ನಲು ನಾಲಗೆ ಬಂದೀತೆ? ಅದು ಮಾಡಿದ್ದಾದರೂ ಏನು? ಸಂತೆಗೆ ಹೋಗಿ ದಿನಸಿ ತಂದದ್ದು ಅದಲ್ಲ. ಒಲೆ ಹೊತ್ತಿಸಿದ್ದು ಅದಲ್ಲ. ಡಬ್ಬಿ ತುಂಬಿದ್ದು ಅದಲ್ಲ. ಇಲ್ಲಿ ಮಾಡಿದವರು ಬೇರೆ, ಉಣ್ಣುತ್ತಿರುವವರು ಬೇರೆ. ಈ ಅಂತರವೇ ನನ್ನ ಇಂದಿನ ಮಾತಿನ ವಿಷಯ.

ಮಕ್ಕಳ ಬೊಜ್ಜೆಂಬುದು ಮಹಾನಗರಗಳ ಚಿಂತೆ, ಉಳ್ಳವರ ಮನೆಯ ಚಿಂತೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಅಂಕಿಸಂಖ್ಯೆಗಳು ಹಾಗೆ ಹೇಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಅತಿತೂಕದವರು 2015–16ರಲ್ಲಿ ನೂರಕ್ಕೆ 2.1ರಷ್ಟಿದ್ದರು, 2019–21ರ ಹೊತ್ತಿಗೆ ಅದು 3.4ಕ್ಕೆ ಏರಿತ್ತು. ‘ಲ್ಯಾನ್ಸೆಟ್’ ವೈದ್ಯಪತ್ರಿಕೆ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಐದರಿಂದ ಹತ್ತೊಂಬತ್ತು ವಯಸ್ಸಿನೊಳಗಿನ ಸ್ಥೂಲಕಾಯದ ಮಕ್ಕಳು ಭಾರತದಲ್ಲಿ 1990ರಲ್ಲಿ ಸುಮಾರು 4 ಲಕ್ಷ ಇದ್ದವರು 2022ರಲ್ಲಿ 1 ಕೋಟಿ 25 ಲಕ್ಷ ಆಗಿದ್ದರು. ಇದರ ಜೊತೆಗೆ ಇನ್ನೊಂದು ಅಂಕಿಯನ್ನೂ ಮರೆಯುವಂತಿಲ್ಲ. ಅದೇ ಕುಟುಂಬ ಸಮೀಕ್ಷೆಯಲ್ಲಿ, ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆಯದ ಐದು ವರ್ಷದೊಳಗಿನ ಮಕ್ಕಳು ನೂರಕ್ಕೆ 35ರಷ್ಟು. ನಮ್ಮ ಕರ್ನಾಟಕದಲ್ಲಿಯೂ ಹೆಚ್ಚು ಕಡಮೆ ಅಷ್ಟೇ. ಅಂದರೆ ಹಸಿವು ಮನೆ ಬಿಟ್ಟು ಹೋಗಿಲ್ಲ. ಅದು ಇರುವಾಗಲೇ ಬೊಜ್ಜು ಬಂದು ಪಕ್ಕದ ಕೋಣೆಯಲ್ಲಿ ಬಿಡಾರ ಹೂಡಿದೆ. ನಾನಿರುವ ಯರಗಟ್ಟಿ ಮೊನ್ನೆ ಮೊನ್ನೆಯವರೆಗೆ ಸವದತ್ತಿ ತಾಲೂಕಿಗೆ ಸೇರಿದ್ದ, ಈಗ ತಾನೇ ಒಂದು ತಾಲೂಕಾಗಿರುವ ಸಣ್ಣ ಊರು. ಇಲ್ಲಿಯ ಶಾಲೆಯ ಒಂದೇ ಬೆಂಚಿನ ಮೇಲೆ ಎಲುಬು ಕಾಣುವ ಹುಡುಗನೂ ಅಂಗಿಯ ಗುಂಡಿ ಹಾಕಲು ತಿಣುಕುವ ಹುಡುಗನೂ ಮಗ್ಗುಲಿಗೆ ಮಗ್ಗುಲು ಕುಳಿತಿರುತ್ತಾರೆ. ಇಬ್ಬರ ಕಿಸೆಯಲ್ಲಿಯೂ ಇರುವುದು ಅದೇ ಐದು ರೂಪಾಯಿಯ ಕುರುಕಲಿನ ಪೊಟ್ಟಣ.

ನಮ್ಮ ಕಣ್ಣಿಗೆ ಈ ಬೊಜ್ಜು ಬೇಗ ಕಾಣುವುದಿಲ್ಲವೆಂಬುದಕ್ಕೆ ಕಾರಣವುಂಟು. ಈ ಭಾಗದ ಹೆಣ್ಣುಮಕ್ಕಳು ನೆರೆಮನೆಯ ಕೂಸನ್ನು ಎತ್ತಿಕೊಂಡು ಆಡುವ ಮೊದಲ ಮಾತು ‘ಕೂಸು ಗುಂಡಗ ಐತಿ, ದೃಷ್ಟಿ ತೆಗೀರಿ’ ಎಂದು. ರಜೆಗೆ ಬಂದ ಹುಡುಗನಿಗೆ ‘ಯಾಕೋ ತಮ್ಮಾ, ಭಾಳ ಸೊರಗೀಯಲ್ಲಾ?’ ಎಂದು ಕೇಳದ ಅಜ್ಜಿಯಿಲ್ಲ. ಇದನ್ನು ಅಜ್ಞಾನವೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. 1876–78ರ ಮಹಾಕ್ಷಾಮದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋದ ನಾಡು ಇದು. 1972ರ ಸುಮಾರಿನ ಬರಗಾಲವನ್ನು ನೆನಸುವವರು ಈಗಲೂ ನಮ್ಮ ಕಟ್ಟೆಗಳ ಮೇಲೆ ಕುಳಿತಿದ್ದಾರೆ. ಬರ ಕಂಡ ಕಣ್ಣಿಗೆ ತುಂಬಿದ ಮೈ ಭಾಗ್ಯದ ಗುರುತಾಗಿಯೇ ತೋರುತ್ತದೆ. ಹಸಿವಿನ ನೆನಪಿನಿಂದ ಹುಟ್ಟಿದ ಈ ಪ್ರೀತಿ ಆ ಕಾಲಕ್ಕೆ ವಿವೇಕವೇ ಆಗಿತ್ತು. ಕಾಲ ಬದಲಾಯಿತು, ಪೊಟ್ಟಣ ಬಂದಿತು. ಪ್ರೀತಿ ಮಾತ್ರ ಹಳೆಯ ಅಳತೆಯಲ್ಲಿಯೇ ಬಡಿಸುತ್ತಿದೆ.

ಬದಲಾದದ್ದು ಏನೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ಕಡೆಯ ನಿತ್ಯದ ಊಟ ಜೋಳದ ರೊಟ್ಟಿಯದು. ಅದರೊಡನೆ ಹೆಸರೋ ಮಡಕಿಯೋ ಒಂದು ಕಾಳಿನ ಪಲ್ಯ, ಪುಂಡಿಯದೋ ಮೆಂತ್ಯದ್ದೋ ಒಂದು ಸೊಪ್ಪು, ಗುರೆಳ್ಳಿನ ಅಥವಾ ಅಗಸಿಯ ಚಟ್ನಿ, ಕೊನೆಗೆ ಮಜ್ಜಿಗೆ. ಅನ್ನವು ಹಬ್ಬಕ್ಕೂ ಬೀಗರಿಗೂ ಮೀಸಲಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವುಂಟು. ಗಿರಣಿಯಲ್ಲಿ ಬಿಳುಪುಗೊಂಡ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ನಾರು ಹೊಟ್ಟೆಗೆ ‘ಇನ್ನು ಸಾಕು’ ಎಂದು ಹೇಳಿಕೊಡುವ ಗುರು. ರೊಟ್ಟಿಯನ್ನು ಅಗಿಯದೆ ನುಂಗಲಾಗುವುದಿಲ್ಲ. ಅಗಿಯುತ್ತಿರುವಾಗಲೇ ತೃಪ್ತಿ ಬಂದುಬಿಡುತ್ತದೆ. ಬಾಯಿಗೆ ಹಾಕಿದೊಡನೆ ಕರಗಿಹೋಗುವ ಬಿಸ್ಕತ್ತಿಗೆ ಆ ಗುಣವಿಲ್ಲ.

ಹಾಗೆಂದರೆ ಹಿಂದಿನವರು ಸಿಹಿ ತಿನ್ನುತ್ತಿರಲಿಲ್ಲವೇ? ಧಾರಾಳವಾಗಿ ತಿನ್ನುತ್ತಿದ್ದರು. ಹೋಳಿಗೆ, ಕಡಬು, ಮಾದಲಿ, ಕರದಂಟುಗಳ ಸೀಮೆ ಇದು. ಆದರೆ ಆ ಸಿಹಿಗೊಂದು ಪಂಚಾಂಗವಿತ್ತು. ನಾಗರ ಪಂಚಮಿಯನ್ನು ನೆನಸಿಕೊಳ್ಳಿ. ಎಳ್ಳಿನುಂಡಿ, ಶೇಂಗಾದುಂಡಿ, ರವೆಯುಂಡಿ ಎಂದು ಬುಟ್ಟಿಗಟ್ಟಲೆ ಉಂಡಿ ಕಟ್ಟುತ್ತಿದ್ದರು. ಅದೇ ಹಬ್ಬಕ್ಕೆ ಮರಮರಕ್ಕೂ ಜೋಕಾಲಿ ಕಟ್ಟುತ್ತಿದ್ದರು. ಉಂಡಿ ತಿಂದ ಕೈಯೇ ಜೋಕಾಲಿಯ ಹಗ್ಗವನ್ನು ಹಿಡಿಯುತ್ತಿತ್ತು. ಈಗ ನಮ್ಮ ಮಕ್ಕಳಿಗೆ ಮುನ್ನೂರ ಅರವತ್ತೈದು ದಿನವೂ ಪಂಚಮಿ. ಜೋಕಾಲಿ ಮಾತ್ರ ಇಲ್ಲ. ಸಾಮಾನ್ಯವಾದ ಕೋಲಾ ಪಾನೀಯದಲ್ಲಿ ನೂರು ಮಿಲಿಲೀಟರಿಗೆ ಹತ್ತು ಗ್ರಾಮಿಗೂ ಮಿಕ್ಕು ಸಕ್ಕರೆಯಿರುತ್ತದೆ. ಕಾಲು ಲೀಟರಿನ ಒಂದು ಬಾಟಲಿ ಎಂದರೆ ಐದಾರು ಚಮಚೆ. ದಿನದ ಆಹಾರಶಕ್ತಿಯಲ್ಲಿ ಬೆರೆಸಿದ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಲೇಸು, ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಎಂಟು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,700 ಕ್ಯಾಲೊರಿ. ಅದರ ನೂರಕ್ಕೆ ಐದೆಂದರೆ ಇಪ್ಪತ್ತೊಂದು ಗ್ರಾಂ ಸಕ್ಕರೆ. ಜಾತ್ರೆಯಲ್ಲಿ ಕುಡಿಸಿದ ಒಂದೇ ಬಾಟಲಿಯಿಂದ ಆ ದಿನದ ಪಾಲು ತೀರಿ ಮೇಲೆ ಸಾಲವಾಯಿತು.

ಇಲ್ಲಿ ನಾನು ನನ್ನ ಹಳೆಯ ಕಸುಬಿಗೆ, ಎಂದರೆ ವ್ಯಾಕರಣಕ್ಕೆ, ಸ್ವಲ್ಪ ಹೊತ್ತು ಮರಳುತ್ತೇನೆ. ಬೇಸರಿಸಬೇಡಿ. ಕನ್ನಡದಲ್ಲಿ ‘ಉಣ್ಣು’ ಎಂಬುದೊಂದು ಕ್ರಿಯೆ. ಅದಕ್ಕೆ ‘ಇಸು’ ಪ್ರತ್ಯಯ ಸೇರಿ ‘ಉಣಿಸು’ ಆಗುತ್ತದೆ. ಇದನ್ನು ಪ್ರೇರಣಾರ್ಥಕವೆಂದು ಕರೆಯುತ್ತೇವೆ. ‘ಮಗು ಉಂಡಿತು’ ಎಂಬ ವಾಕ್ಯದಲ್ಲಿ ಕರ್ತೃ ಒಬ್ಬನೇ. ‘ತಾಯಿ ಮಗುವಿಗೆ ಉಣಿಸಿದಳು’ ಎಂದಾಗ ಕರ್ತೃಗಳು ಇಬ್ಬರಾದರು: ಉಣ್ಣುವ ಮಗು ಪ್ರೇರ್ಯ ಕರ್ತೃ, ಉಣಿಸುವ ತಾಯಿ ಪ್ರೇರಕ ಕರ್ತೃ. ಹಳಗನ್ನಡದಲ್ಲಿ ಇದಕ್ಕೆ ಇನ್ನೂ ಸೊಗಸಾದ ‘ಊಡು’ ಎಂಬ ಧಾತುವಿತ್ತು. ‘ಹಾಲೂಡಿಸು’ ಎಂಬ ಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ಊಟ, ಉಣ್ಣು, ಊಡು, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಊಟವೆಂಬ ಮಾತಿನ ಒಡನಾಟದಲ್ಲಿಯೇ ಉಣಿಸುವ ಇನ್ನೊಂದು ಕೈ ಇದೆಯೆಂದು ಭಾಷೆ ನಮಗೆ ಹೇಳುತ್ತಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ವಾದರೂ ಅಡುಗೆ ಮಾಡುವವನಿಗೆ ಹೇಳಿದ ಶಾಸ್ತ್ರವೇ ಹೊರತು ಎಲೆಯ ಮುಂದೆ ಕುಳಿತವನಿಗೆ ಹೇಳಿದ್ದಲ್ಲ. ಮಕ್ಕಳ ಊಟದಲ್ಲಿ ವೈಯಕ್ತಿಕ ಹೊಣೆಯೆಂಬುದು ಖಂಡಿತವಾಗಿಯೂ ಉಂಟು. ಆದರೆ ಅದು ಪ್ರೇರಕ ಕರ್ತೃವಿನ ಹೊಣೆ. ನನ್ನ ಮಾತಿನ ಸಾರವೆಲ್ಲ ಇಷ್ಟೇ.

ಇದು ವ್ಯಾಕರಣದ ಚಮತ್ಕಾರವಲ್ಲ. ವೈದ್ಯಶಾಸ್ತ್ರವೂ ಇದೇ ಮಾತನ್ನು ಆಡುತ್ತದೆ. ಚರಕಸಂಹಿತೆ ಅತಿಸ್ಥೂಲದೇಹವನ್ನು ಎಂಟು ಬಗೆಯ ನಿಂದ್ಯ ದೇಹಗಳಲ್ಲಿ ಒಂದಾಗಿ ಎಣಿಸಿ, ಅದರ ಕಾರಣಗಳನ್ನು ಪಟ್ಟಿಮಾಡುತ್ತದೆ. ಅತಿಯಾದ ಊಟ, ಸಿಹಿ ಮತ್ತು ಜಿಡ್ಡಿನ ಪದಾರ್ಥಗಳು, ವ್ಯಾಯಾಮವಿಲ್ಲದಿರುವಿಕೆ, ಹಗಲು ನಿದ್ರೆ ಮುಂತಾದವುಗಳನ್ನು ಹೇಳಿ, ಕೊನೆಗೆ ಬೀಜಸ್ವಭಾವವನ್ನೂ ಸೇರಿಸುತ್ತದೆ. ಎಂದರೆ, ಮೈಯ ತೂಕದಲ್ಲಿ ತಂದೆ ತಾಯಿಗಳಿಂದ ಬಂದ ಪಾಲೂ ಇದೆಯೆಂದು ಆ ಪ್ರಾಚೀನರು ಕಂಡುಕೊಂಡಿದ್ದರು. ಒಂದೇ ಪಂಕ್ತಿಯಲ್ಲಿ ಒಂದೇ ಊಟ ಉಂಡ ಅಣ್ಣ ತಮ್ಮಂದಿರಲ್ಲಿ ಒಬ್ಬನು ಬಡಕಲು, ಒಬ್ಬನು ದಪ್ಪ ಆಗಿರುವುದನ್ನು ನಾವೂ ಕಂಡಿಲ್ಲವೆ?

ಇನ್ನು ನಮ್ಮ ನಾಡಿನಲ್ಲಿಯೇ ನಡೆದ ಒಂದು ಅಧ್ಯಯನವನ್ನು ಹೇಳಲೇಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ವಿಜ್ಞಾನಿಗಳು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ, 1996ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು, 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಪುಣೆಯ ವೈದ್ಯರಾದ ಚಿತ್ತರಂಜನ ಯಾಜ್ಞಿಕರು ತಮ್ಮ ಸುತ್ತಲಿನ ಹಳ್ಳಿಗಳಲ್ಲಿ ಕಂಡದ್ದೂ ಇದಕ್ಕೆ ಪೂರಕವಾದದ್ದೇ: ನಮ್ಮ ಕೂಸುಗಳು ತೂಕದಲ್ಲಿ ಕಡಮೆಯಿದ್ದರೂ ಅವುಗಳ ಮೈಯಲ್ಲಿ ಸ್ನಾಯು ಕಡಮೆ, ಕೊಬ್ಬಿನ ಪಾಲು ಹೋಲಿಕೆಯಲ್ಲಿ ಹೆಚ್ಚು. ಗರ್ಭದಲ್ಲಿ ಹಸಿದ ಕೂಸಿನ ದೇಹ ಮುಂದೆ ದೊರೆತದ್ದನ್ನೆಲ್ಲ ಕೂಡಿಡುವ ಜಿಪುಣತನವನ್ನು ಕಲಿತುಬಂದಿರುತ್ತದೆ. ಅಂಥ ದೇಹಕ್ಕೆ ಬಾಲ್ಯದಲ್ಲಿ ಸಕ್ಕರೆ, ಎಣ್ಣೆಗಳ ಹೊಳೆ ಹರಿದರೆ ಅಪಾಯ ಇಮ್ಮಡಿಯಾಗುತ್ತದೆ. ನಡುವಯಸ್ಸಿನವರಿಗೇ ಬರುತ್ತಿದ್ದ ಬಗೆಯ ಮಧುಮೇಹ ಈಗ ಹದಿಹರೆಯದವರಲ್ಲಿಯೂ ಕಾಣುತ್ತಿದೆ. ಹಾಗಾದರೆ ಮಗುವಿನ ಊಟ ತೊಡಗುವುದು ಎಲ್ಲಿಂದ? ಬಸುರಿಯಾದ ಸೊಸೆಗೆ ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಡಿಸುವ ಮನೆಯಲ್ಲಿ, ಮೊಮ್ಮಗನ ಬೊಜ್ಜಿನ ಮೊದಲ ಪಾಠ ಆಗಲೇ ಆಗಿಹೋಗಿರುತ್ತದೆ.

ಪ್ರೇರಕ ಕರ್ತೃ ಎಂದೊಡನೆ ನಾವೆಲ್ಲ ತಾಯಿಯ ಕಡೆಗೆ ಬೆರಳು ಮಾಡುತ್ತೇವೆ. ಇದು ನಮ್ಮ ಇನ್ನೊಂದು ಅನ್ಯಾಯ. ನಸುಕಿನಲ್ಲೆದ್ದು ಬುತ್ತಿ ಕಟ್ಟಿಕೊಂಡು ಕಬ್ಬಿನ ಗದ್ದೆಗೆ ಕಳೆ ತೆಗೆಯಲು ಹೋಗುವ ತಾಯಿ, ಅಳುವ ಮಗನ ಕೈಗೆ ಚಹಾ ಬಿಸ್ಕತ್ತು ಕೊಟ್ಟು ಹೊರಟರೆ, ಅದು ಅವಳ ಅಲಕ್ಷ್ಯವಲ್ಲ. ಅವಳಿಗೆ ಉಳಿದಿರುವ ಐದು ನಿಮಿಷದ ಲೆಕ್ಕ. ಸಂಜೆ ಬರುವಾಗ ಪ್ರೀತಿಯ ಗುರುತಾಗಿ ಪೊಟ್ಟಣ ತರುವ ತಂದೆ, ಪಿಂಚಣಿ ಬಂದ ದಿನ ಮೊಮ್ಮಕ್ಕಳನ್ನು ಅಂಗಡಿಗೆ ಕರೆದೊಯ್ಯುವ ಅಜ್ಜ, ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಚಾಕೊಲೇಟು ಹಂಚಿಸುವ ಮಾಸ್ತರರು, ಇವರೆಲ್ಲರೂ ಉಣಿಸುವ ಕೈಗಳೇ. ಕಾಗೆ ಗುಬ್ಬಿಗಳನ್ನು ತೋರಿಸಿ ತುತ್ತಿಡುತ್ತಿದ್ದ ಜಾಗದಲ್ಲಿ ಈಗ ಮೊಬೈಲು ತೋರಿಸಿ ತುತ್ತಿಡುತ್ತೇವೆ. ಕಾಗೆ ಹಾರಿಹೋದರೆ ಊಟವೂ ಮುಗಿಯುತ್ತಿತ್ತು. ಮೊಬೈಲು ಹಾರಿಹೋಗುವುದಿಲ್ಲ. ಬಾಯಿ ತೆರೆದ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ತಿಳಿಯುವುದೇ ಇಲ್ಲ.

ಉಣಿಸುವ ಕೈಗಳು ಮನೆಯ ಹೊಸ್ತಿಲಿನ ಹೊರಗೂ ಇವೆ. ನಮ್ಮ ಊರಿನ ಒಂದು ಗೂಡಂಗಡಿಯವನನ್ನು ನಾನೊಮ್ಮೆ, ಮಕ್ಕಳಿಗೆ ಈ ಪೊಟ್ಟಣಗಳ ಬದಲು ಬಾಳೆಹಣ್ಣು, ಹುರಿದ ಶೇಂಗಾ ಇಡಬಾರದೇನಪ್ಪ ಎಂದು ಕೇಳಿದೆ. ಅವನು ಹೇಳಿದ: ‘ಸರ್, ಹಣ್ಣು ಮೂರು ದಿನಕ್ಕ ಕೊಳೀತಾವ್ರಿ. ಇದು ಆರು ತಿಂಗಳಾದ್ರೂ ಕೆಡಂಗಿಲ್ಲ. ನನ್ನಂಥಾ ಬಡವ ಯಾವುದನ್ನ ಇಡ್ಬೇಕು, ನೀವ ಹೇಳ್ರಿ.’ ಈ ಮಾತಿಗೆ ನೀತಿಬೋಧೆ ಉತ್ತರವಾಗಲಾರದು. ಕೆಡದ ತಿಂಡಿಯನ್ನು ಮಾಡುವ ಕಂಪನಿ, ಅದನ್ನು ಹಳ್ಳಿ ಹಳ್ಳಿಗೆ ಮುಟ್ಟಿಸುವ ಗಾಡಿ, ಚಿತ್ರತಾರೆಯಿಂದ ಅದನ್ನು ಹೊಗಳಿಸುವ ಜಾಹೀರಾತು, ಇಷ್ಟೂ ಸೇರಿ ಆ ಪೊಟ್ಟಣವನ್ನು ಮಗುವಿನ ಬಾಯಿಗಿಡುತ್ತವೆ. ಎದುರಿಗೆ ಇರುವುದು ಐದು ರೂಪಾಯಿ ಹಿಡಿದ ಒಂದು ಪುಟ್ಟ ಕೈ. ಇದನ್ನು ಸಮಬಲದ ಕುಸ್ತಿಯೆಂದು ಯಾವ ಗರಡಿಯ ಉಸ್ತಾದನೂ ಒಪ್ಪಲಾರ.

ಅದಕ್ಕೇ ಸರಕಾರಗಳು ನಡುವೆ ಬರಬೇಕಾಗುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ನಿಯಮದಂತೆ, ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾಗಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಾಗಲಿ ಶಾಲೆಯ ಬಾಗಿಲಿನಿಂದ 50 ಮೀಟರ್ ಸುತ್ತಳತೆಯೊಳಗಾಗಲಿ ಮಾರಕೂಡದು. ಐವತ್ತು ಮೀಟರೆಂದರೆ ಮಗುವಿನ ನೂರು ಹೆಜ್ಜೆ. ನಿಮ್ಮ ಊರಿನ ಶಾಲೆಯಿಂದ ಒಮ್ಮೆ ಎಣಿಸುತ್ತ ನಡೆದು ನೋಡಿ. ನಿಯಮದ ಬಾಳು ಎಷ್ಟೆಂಬುದು ತಿಳಿಯುತ್ತದೆ. ದೂರದ ಚಿಲಿ ದೇಶ 2016ರಿಂದ ಇಂಥ ಪೊಟ್ಟಣಗಳ ಮುಖದ ಮೇಲೆಯೇ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತಿಸಿ ‘ಸಕ್ಕರೆ ಹೆಚ್ಚು’, ‘ಉಪ್ಪು ಹೆಚ್ಚು’ ಎಂದು ಸಾರಿಸಿತು. ಓದಲು ಬಾರದವರಿಗೂ ಮುದ್ರೆ ಕಾಣುತ್ತದೆ. ನಮ್ಮಲ್ಲಿಯೂ ಹೆಮ್ಮೆಪಡುವಂಥದು ಇಲ್ಲದಿಲ್ಲ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ನಾಡಿಗೆಲ್ಲ ಹಬ್ಬಿದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟರು. ಎಷ್ಟು ಅರ್ಥವತ್ತಾದ ಹೆಸರು! ದಾಸೋಹದಲ್ಲಿ ಉಣಿಸುವವನು ದಾಸ. ಉಣ್ಣುವವನ ಹಿತಕ್ಕೆ ಅವನು ಬದ್ಧ. ಆ ತಟ್ಟೆಯಲ್ಲಿ ಬೇಳೆ, ಕಾಳು, ತರಕಾರಿ, ಮೊಟ್ಟೆ, ಹಾಲುಗಳು ಎಷ್ಟು ಪ್ರಾಮಾಣಿಕವಾಗಿ ಬೀಳುತ್ತವೆಯೋ ಅಷ್ಟರಮಟ್ಟಿಗೆ ಬೆಂಚಿನ ಆ ಇಬ್ಬರು ಹುಡುಗರಿಗೂ ಒಂದೇ ಮದ್ದು ದೊರೆತಂತೆ.

ಹಾಗಾದರೆ ಮಗುವಿಗೆ ಯಾವ ಹೊಣೆಯೂ ಬೇಡವೆ? ಬೇಕು, ಅದರ ವಯಸ್ಸಿಗೆ ತಕ್ಕಷ್ಟು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಅವರು 1980ರ ದಶಕದಲ್ಲಿ ಒಂದು ಸರಳವಾದ ಹಂಚಿಕೆಯನ್ನು ಮುಂದಿಟ್ಟರು. ಏನು, ಯಾವಾಗ, ಎಲ್ಲಿ ಉಣಿಸಬೇಕೆಂಬುದು ಹಿರಿಯರ ಹೊಣೆ. ಎಷ್ಟು ಉಣ್ಣಬೇಕೆಂಬುದು ಮಗುವಿನ ಹೊಣೆ. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಏನು ಬೇಕೆಂದು ಹಟ ಹಿಡಿದು ಗೊತ್ತುಮಾಡುವುದು ಮಗು. ‘ಇನ್ನೊಂದು ತುತ್ತು’ ಎಂದು ಎಷ್ಟೆಂಬುದನ್ನು ಗೊತ್ತುಮಾಡುವವರು ನಾವು. ಈ ಕದಲಿಕೆಯೊಂದನ್ನು ಸರಿಪಡಿಸಿದರೆ ಅರ್ಧ ಕೆಲಸವಾದಂತೆ. ಅದಕ್ಕೆ ಹಣ ಬೇಡ. ಹಿರಿಯರೂ ಅದೇ ರೊಟ್ಟಿ ಪಲ್ಯವನ್ನು ಮಗುವಿನ ಮಗ್ಗುಲಲ್ಲಿ ಕುಳಿತು ಉಣ್ಣಬೇಕು, ಅಷ್ಟೆ. ತಾವು ಟಿ.ವಿ.ಯ ಮುಂದೆ ಚಕ್ಕುಲಿ ಮುರಿಯುತ್ತ ಮಗುವಿಗೆ ಮಾತ್ರ ಸೊಪ್ಪಿನ ಮಹಿಮೆ ಹೇಳುವವರ ಮಾತು ಎಂದೂ ನಾಟುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ದಪ್ಪಗಿರುವ ಮಗುವನ್ನು ‘ಡುಮ್ಮ’, ‘ಟೊಣಪ’ ಎಂದು ಕರೆದು ನಗುವುದರಿಂದ ಅದರ ಮೈ ಇಳಿಯುವುದಿಲ್ಲ, ಮನಸ್ಸು ಇಳಿಯುತ್ತದೆ. ನಗೆಗೀಡಾದ ಮಗು ಆಟದ ಬಯಲಿಗೆ ಬರುವುದನ್ನು ಬಿಡುತ್ತದೆ. ಮೂಲೆ ಸೇರಿ, ಯಾರೂ ನೋಡದಾಗ ತಿನ್ನುವುದನ್ನು ಕಲಿಯುತ್ತದೆ. ಅದಕ್ಕೆ ಉಪವಾಸ ಹಾಕುವುದೂ ತಕ್ಕದ್ದಲ್ಲ. ಬೆಳೆಯುವ ಮೈ ಅದು. ಅಂಥ ಮಗುವಿಗೆ ಬೇಕಾದದ್ದು ಮನೆಯವರ ಜೊತೆಯೂಟ, ಸಂಜೆಯ ಒಂದು ತಾಸು ಬಯಲು, ವೈದ್ಯರ ಹದವಾದ ಸಲಹೆ, ಮತ್ತು ಅದರ ಮೈಯ ಬಗೆಗೆ ನಮ್ಮ ನಾಲಗೆಯ ಸಂಯಮ. ಮೊದಲ ಗಾದೆಯ ಉತ್ತರಾರ್ಧದಲ್ಲಿ ಮಾತು ಬಲ್ಲವನ ಪ್ರಸ್ತಾಪ ಬಂದದ್ದು ಇದಕ್ಕೇ ಇರಬೇಕು.

ಗಾದೆಗಳೊಡನೆ ವಾದ ಹೂಡುತ್ತೇನೆಂದು ಹೊರಟವನು ನಾನು. ಅವುಗಳನ್ನು ಸೋಲಿಸುವುದು ನನ್ನ ಉದ್ದೇಶವಲ್ಲ. ‘ಬಲ್ಲವನು’ ಎಂದರೆ ಹುಟ್ಟಾ ಬಲ್ಲವನಲ್ಲ, ಕಲಿತು ಬಲ್ಲವನು. ಯಾವ ಮಗುವೂ ಊಟ ಬಲ್ಲುದಾಗಿ ಹುಟ್ಟುವುದಿಲ್ಲ. ಹತ್ತು ಹನ್ನೆರಡು ವರ್ಷಗಳ ಕಾಲ, ದಿನಕ್ಕೆ ಮೂರು ಹೊತ್ತು, ನಮ್ಮ ಎದುರಿನಲ್ಲಿ ಕುಳಿತು ಅದು ಊಟವನ್ನು ಕಲಿಯುತ್ತದೆ. ಆ ಕಲಿಕೆಯನ್ನು ನಾವು ಸರಿಯಾಗಿ ನಡೆಸಿಕೊಟ್ಟ ಮೇಲೆ, ಬೆಳೆದ ಮಗನಿಗೋ ಮಗಳಿಗೋ ‘ಇನ್ನು ನಿನ್ನ ಊಟಕ್ಕೆ ನೀನೇ ಹೊಣೆ’ ಎನ್ನುವ ಅಧಿಕಾರ ನಮಗೆ ಬರುತ್ತದೆ, ಅದಕ್ಕೂ ಮೊದಲಲ್ಲ. ಇಂದು ರಾತ್ರಿ ಮಗುವಿನ ತಟ್ಟೆಗೆ ಬಡಿಸುವಾಗ, ಆ ತಟ್ಟೆಯಲ್ಲಿ ನಮ್ಮ ಪಾಲಿನ ಹೊಣೆ ಎಷ್ಟಿದೆಯೆಂದು ಒಂದು ಗಳಿಗೆ ನೋಡಿಕೊಂಡರೆ ಸಾಕು.